ಶನಿವಾರದ ಪೈ

ಫ್ರಿಜ್ಜಿನ ಹಿಂದೆ ತೋಳು ತೂರಿಸಿ ಲಿಸ್ಸಿ ಪ್ಲಗ್ಗಿಗಾಗಿ ತಡಕಾಡುತ್ತಿದ್ದಳು. ದೊಡ್ಡ ಪ್ಲಗ್ಗು ಹಿಡಿಸುವ ಸಾಕೆಟ್ಟು ಆ ಮನೆಯಲ್ಲಿ ಇದ್ದದ್ದು ಅದೊಂದೇ. ಚಾವಡಿಯಲ್ಲಿ ಆಂಬುಲೆನ್ಸಿನವರು ಇಳಿಸಿದ ಗಾಜಿನ ಫ್ರೀಜರ್ ಪೆಟ್ಟಿಗೆ ಕರೆಂಟಿಗಾಗಿ ಕಾಯುತ್ತಿತ್ತು. ಅದರೊಳಗೆ ಮೋಹನ ಮಲಗಿದ್ದ. ನಿನ್ನೆ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಅಡ್ಡಾಗುತ್ತೇನೆಂದು ಹೋದವನು ನಾಲ್ಕು ಗಂಟೆಯ ಚಹಾಕ್ಕೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಮಗಳು ತಿರುವನಂತಪುರದಿಂದ ಬರುವ ತನಕ ಆಸ್ಪತ್ರೆಯಲ್ಲೇ ಇರಿಸಿ, ಬೆಳಿಗ್ಗೆ ತ್ರಿಪ್ಪುಣಿತ್ತುರದ ಮನೆಗೆ ತಂದಿದ್ದರು.

ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಚಾವಡಿಯಲ್ಲಿ ಅಂಥದೇ ಇನ್ನೊಂದು ಸದ್ದು ಶುರುವಾಯಿತು. ಕಿಟಕಿಯ ಪಕ್ಕ ಕೂತಿದ್ದ ಸುಮಿತ್ರ ಎರಡನ್ನೂ ಕೇಳಿಸಿಕೊಂಡಳು. ಸಕ್ಕರೆ ಕಾಯಿಲೆ ಅವಳ ಕಣ್ಣುಗಳನ್ನು ಕೊಂಡುಹೋಗಿ ಹನ್ನೊಂದು ವರ್ಷವಾಗಿತ್ತು. ಎದುರಿಗೆ ಎಷ್ಟು ಜನರಿದ್ದರೂ ಅವಳಿಗೆ ಕಾಣುತ್ತಿದ್ದದ್ದು ನೀರಿನಡಿಯಿಂದ ನೋಡಿದ ಹಾಗಿನ ಒಂದು ಬೂದು ಬೆಳಕು ಮಾತ್ರ.

ಪಕ್ಕದ ಮನೆಯ ಲಿಸ್ಸಿ ಫ್ರಿಜ್ಜಿನಲ್ಲಿದ್ದುದನ್ನೆಲ್ಲ ತನ್ನ ಮನೆಗೆ ಸಾಗಿಸಲು ಬುಟ್ಟಿಗೆ ತುಂಬತೊಡಗಿದಳು. ಹಾಲು, ಮೊಸರು, ಸುಮಿತ್ರಳ ಇನ್ಸುಲಿನ್, ಕರಿಬೇವು. ಕೆಳಗಿನ ತಟ್ಟೆಗೆ ಬಂದಾಗ ಅವಳ ಕೈ ನಿಂತದ್ದು ಸುಮಿತ್ರಳಿಗೆ ಗೊತ್ತಾಯಿತು.

"ಚೇಚಿ," ಎಂದಳು ಲಿಸ್ಸಿ. ಅವರಿಬ್ಬರ ಮಾತು ಯಾವಾಗಲೂ ಮಲಯಾಳದಲ್ಲೇ. "ನಿನ್ನೆಯ ಪೈ ಇಲ್ಲಿದೆ. ಬೇಯಿಸಿಲ್ಲ."

"ಮೇಲಿನದು ಆಗಿದೆಯಾ?"

"ಆಗಿದೆ. ಏನು ಮಾಡಿದ್ದಾರೆ ಅಂದರೆ..."

"ಹೇಳಬೇಡ," ಎಂದು ಸುಮಿತ್ರ ಕೈ ಎತ್ತಿದಳು. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅದು ಅಭ್ಯಾಸದ ಮಾತು. ಹಣ್ಣು ತುಂಬಿದ ಪೈಯ ಮೇಲೆ ಹಿಟ್ಟಿನಲ್ಲಿ ಏನು ಚಿತ್ರವಿದೆಯೆಂದು ಅವಳು ಮುಟ್ಟಿ ಹೇಳುವ ತನಕ ಬೇರೆ ಯಾರೂ ಹೇಳಬಾರದು ಎಂಬುದು ಈ ಮನೆಯ ಕಟ್ಟಳೆ. ಲಿಸ್ಸಿ ಪೈಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು.

ಮಗಳು ಪ್ರತೀಕ್ಷಾ ಒಳಗೆ ಬಂದು ನೋಡಿದಳು. ಈ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದು ಮೊದಲು ಮಲಯಾಳದಲ್ಲಿ ಗೊಣಗಿದಳು. ಈ ಮನೆಯಲ್ಲಿ ಇವತ್ತು ಒಲೆ ಹೊತ್ತಿಸುವ ಹಾಗಿಲ್ಲ, ಆದರೆ ನಮ್ಮಲ್ಲೂ ಓವನ್ ಇದೆಯಲ್ಲ ಎಂದು ಲಿಸ್ಸಿ ಮೆತ್ತಗೆ ಹೇಳಿದಾಗ ಅವಳ ದನಿ ಬದಲಾಯಿತು. ಬೇಯಿಸಿ, ನಾವು ಶ್ಮಶಾನದಿಂದ ಬಂದ ಮೇಲೆ ಅಮ್ಮ ಮುಟ್ಟಿ ಓದಲಿ, ಅಪ್ಪ ಮಾಡಿದ ಕೊನೆಯದಲ್ಲವೇ ಎಂದಳು.

ಲಿಸ್ಸಿಯ ಚಪ್ಪಲಿ ಸದ್ದು ಅಂಗಳ ದಾಟಿಹೋಯಿತು. ಸುಮಿತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಮಧ್ಯಾಹ್ನದ ಒಳಗೆ ಆ ಪೈಯ ಮೇಲೆ ಏನಿದೆಯೆಂದು ಅವಳು ಹೇಗಾದರೂ ಕಂಡುಹಿಡಿಯಬೇಕಿತ್ತು.

*

ಮೂವತ್ತೆಂಟು ವರ್ಷಗಳ ಹಿಂದೆ ತಿರುವನಂತಪುರದ ಪಟ್ಟಂನಲ್ಲಿ, ಗುಡ್ಡದ ಬದಿಯ ಒಂದು ಮನೆಯ ಮಹಡಿಯಲ್ಲಿ ಅವರಿಗೆ ಒಂದೇ ಕೋಣೆಯಿತ್ತು. ಇಬ್ಬರೂ ಕಾಸರಗೋಡಿನ ಕಡೆಯವರು. ಮೋಹನನಿಗೆ ಬ್ಯಾಂಕಿನಲ್ಲಿ ಗುಮಾಸ್ತಿಕೆ, ಸುಮಿತ್ರಳಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಮದುವೆಯಾಗಿ ಐದು ತಿಂಗಳಾಗಿತ್ತು. ಸುಮಿತ್ರ ಇಲಾಖೆಯ ಪರೀಕ್ಷೆಗೆ ಓದುತ್ತಿದ್ದಳು. ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ಬಂದ ಗಂಡ ಅದು ಇದು ಮಾತನಾಡುತ್ತ ಓದಲು ಬಿಡುವುದಿಲ್ಲವೆಂದು ಅವನನ್ನು ಕೆಳಗೆ ಕಳಿಸಿಬಿಡುತ್ತಿದ್ದಳು.

ಕೆಳಗೆ ಮನೆಯೊಡತಿ ಗ್ರೇಸಿ ಟೀಚರ್. ಶಾಲೆಯಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ಹೊರಹಾಕಿಸಿಕೊಂಡ ಗಂಡಸೊಬ್ಬ ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿ ಅವನನ್ನು ಅಡುಗೆಮನೆಗೆ ಕರೆದು ಅನಾನಸು ಹೆಚ್ಚಲು ಕೊಟ್ಟರು. ಮುಂದಿನ ಶನಿವಾರ ಮೈದಾಹಿಟ್ಟಿಗೆ ಬೆಣ್ಣೆ ಉಜ್ಜುವುದನ್ನು ಹೇಳಿಕೊಟ್ಟರು. ಬೆಣ್ಣೆ ಕರಗಬಾರದು, ಬೆರಳ ತುದಿಯಲ್ಲಷ್ಟೇ ಉಜ್ಜಬೇಕು, ಕೈ ಬಿಸಿಯಿರುವವರು ಮೊದಲು ತಣ್ಣೀರಿನಲ್ಲಿ ಅದ್ದಿಕೊಳ್ಳಬೇಕು. ತಗಡಿನ ತಟ್ಟೆಗೆ ಒಂದು ಹಾಳೆ, ಅದರ ಮೇಲೆ ಸಕ್ಕರೆ, ಜಾಯಿಕಾಯಿ ಹಾಕಿ ಬಾಡಿಸಿದ ಹಣ್ಣು, ಅದನ್ನು ಮುಚ್ಚಲು ಇನ್ನೊಂದು ಹಾಳೆ. ಉಳಿದ ಹಿಟ್ಟಿನಲ್ಲಿ ಎಲೆ ಕತ್ತರಿಸಿ, ಚಾಕುವಿನ ತುದಿಯಿಂದ ನರ ಎಳೆದು, ಹಾಲು ಸವರಿ ಮೇಲೆ ಅಂಟಿಸುವುದು ಟೀಚರ ಪದ್ಧತಿ.

ಮೊದಲ ಸಲ ತಾನೇ ಮಾಡಿದ ಪೈಯನ್ನು ಮೋಹನ ಮಹಡಿಗೆ ಹೊತ್ತು ತಂದು ಪುಸ್ತಕದ ಮೇಲೇ ಇಟ್ಟ. ಸುಮಿತ್ರ ನೋಡಿದಳು.

"ಇದೆಂತ, ಸೂರ್ಯಕಾಂತಿಯಾ?"

"ಫ್ಯಾನು, ಮಾರಾಯ್ತಿ," ಎಂದ ಅವನು. "ಮೊನ್ನೆ ತಂದದ್ದಲ್ವಾ ನಾವು, ಟೇಬಲ್ ಫ್ಯಾನು. ಎಲೆ ಎಲ್ಲರೂ ಮಾಡ್ತಾರೆ."

ಸಂಜೆಯ ಗಾಳಿಗೆ ಪುಸ್ತಕದ ಹಾಳೆಗಳು ತಾವಾಗಿಯೇ ಮಗುಚಿಕೊಳ್ಳುತ್ತಿದ್ದವು. ಅವಳಿಗೆ ನಗು ತಡೆಯಲಾಗಲಿಲ್ಲ. ಕೆಳಗಿನಿಂದ ಗ್ರೇಸಿ ಟೀಚರ್, ಫ್ಯಾನು ಸರಿಯಾಗಿ ಬೆಂದಿದೆಯೇ ಎಂದು ಕೂಗಿ ಕೇಳಿದರು.

*

ಒಂಬತ್ತು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಬಂದವರು ಪೆಟ್ಟಿಗೆಯ ಮುಂದೆ ನಿಂತು, ಆಮೇಲೆ ಸುಮಿತ್ರಳ ಬಳಿ ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಹಿಡಿದ ಕೈ ಯಾರದೆಂದು ದನಿಯಿಂದ ತಿಳಿದುಕೊಂಡು ಅವಳು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು. ನೀವು ಇವರನ್ನು ಕೊನೆಗೆ ನೋಡಿದ್ದು ಎಲ್ಲಿ? ಆಗ ಎಂತ ಮಾಡುತ್ತಿದ್ದರು?

ಬಂದವರಿಗೆ ಅದು ದುಃಖದ ಮಾತಾಗಿಯೇ ಕೇಳಿಸಿತು. ನೆನಪು ಮಾಡಿಕೊಂಡು ನಿಧಾನವಾಗಿ ಹೇಳಿದರು. ಔಷಧದ ಅಂಗಡಿಯವನು ಸೋಮವಾರ ಎಂದ. ಅಂಗಡಿಯೆದುರು ಒಂದು ಮುದಿ ನಾಯಿ ಬಿಸಿಲು ಬದಲಾದಂತೆ ತನ್ನ ಜಾಗ ಬದಲಿಸುವುದನ್ನು ಸಾರ್ ನೋಡುತ್ತ ನಿಂತಿದ್ದರಂತೆ. ಮೆಟ್ರೋ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ಒಬ್ಬಳು, ಇವರು ಎಲ್ಲಿಗೂ ಹೋಗುವುದಿದ್ದಂತೆ ಕಾಣುತ್ತಿರಲಿಲ್ಲ, ಹೋಗಿ ಅದೇ ರೈಲಿನಲ್ಲಿ ವಾಪಸು ಬರುತ್ತಿದ್ದರು ಎಂದಳು. ಸುಮಿತ್ರ ಒಂದೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು. ನಾಯಿ. ರೈಲು. ಎರಡೂ ಆಗಿರಬಹುದು, ಎರಡೂ ಅಲ್ಲದಿರಬಹುದು.

ಕಲೂರಿನಿಂದ ವೀರಭದ್ರ ಬಂದ. ಧಾರವಾಡದ ಕಡೆಯವನು, ಮೋಹನನ ಜೊತೆಗೇ ಎರ್ನಾಕುಲಂ ಶಾಖೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ ನಿವೃತ್ತನಾಗಿ ಇಲ್ಲೇ ನೆಲೆನಿಂತವನು. ಬಂದವನು ಪೆಟ್ಟಿಗೆಯ ಗಾಜಿನ ಮೇಲಿನ ಮಂಜನ್ನು ಅಂಗೈಯಿಂದ ಒರಸಿ, ಅದು ಮತ್ತೆ ಕವಿಯುವ ತನಕ ನೋಡಿ, ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

"ವೈನಿ, ಬುಧವಾರ ಬಂದಿದ್ದ ನಮ್ಮ ಕಡೆ. ಸ್ಟೇಡಿಯಂ ಮುಂದ ಚಾ ಕುಡದ್ವಿ."

"ಎಂತ ನೋಡ್ತಾ ಇದ್ರು?"

"ಚಾ ಅಂಗಡಿಯಂವ ಚಾ ಎತ್ತಿ ಸುರಿಯೂದನ್ನ. ಎಷ್ಟೊತ್ತು ನೋಡಿದಾ ಅಂದ್ರ, ನನ್ನ ಗ್ಲಾಸಿನ್ಯಾಗಿಂದು ತಣ್ಣಗಾಗಿ ಹೋತು."

ಆಮೇಲೆ ಅವನು ಯಾರೂ ಕೇಳದಿದ್ದರೂ ಹಳೆಯ ಕತೆಯೊಂದನ್ನು ಹೇಳಿದ. ಅವನು ಎರ್ನಾಕುಲಂಗೆ ವರ್ಗವಾಗಿ ಬಂದ ಹೊಸತರಲ್ಲಿ ಮೋಹನ, ಸೋಮವಾರ ಪೈ ಬರುತ್ತದೆ ಎಂದಿದ್ದನಂತೆ. ವೀರಭದ್ರ ಅದನ್ನು ಮಂಗಳೂರಿನ ಯಾರೋ ಪೈಗಳು ಬರುತ್ತಾರೆಂದು ತಿಳಿದ. ಮೇಲಿನ ಕಚೇರಿಯವರಿರಬಹುದೆಂದು ಅವರಿಗಾಗಿ ಕುರ್ಚಿ ಒರಸಿಸಿ, ಒಂದು ಚಹಾ ಹೆಚ್ಚಿಗೆ ಹೇಳಿ ಕಾದಿದ್ದನಂತೆ. ಕೊನೆಗೆ ಮೋಹನ ಡಬ್ಬಿಯ ಮುಚ್ಚಳ ತೆಗೆದು, ಇವರೇ ಪೈ ಎಂದು ಪರಿಚಯ ಮಾಡಿಸಿದನಂತೆ. ಚಾವಡಿಯಲ್ಲಿ ಒಂದಿಬ್ಬರು ನಕ್ಕು, ನಕ್ಕದ್ದಕ್ಕೆ ಮುಜುಗರಪಟ್ಟು ಕೆಮ್ಮಿದರು. ಸುಮಿತ್ರಳೂ ನಕ್ಕಳು. ನಗುತ್ತಲೇ ಚಹಾದ ಧಾರೆಯನ್ನು ಹಿಟ್ಟಿನಲ್ಲಿ ಹೇಗೆ ಮಾಡಬಹುದು ಎಂದು ಯೋಚಿಸಿದಳು. ಉದ್ದಕ್ಕೆ ಹೊಸೆದ ಒಂದು ಬತ್ತಿ. ಮೇಲೊಂದು ಮಗ್ಗು, ಕೆಳಗೊಂದು ಗ್ಲಾಸು. ಮೋಹನ ಮಾಡಿಯೇ ಮಾಡುವಂಥದು.

*

ಕಣ್ಣು ಪೂರ್ತಿ ಹೋದ ವರ್ಷ ಸುಮಿತ್ರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಊರು ಇಲ್ಲದೇ ಹೋದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಒಂದು ಶನಿವಾರ ಬೆಳಿಗ್ಗೆ ಮೋಹನ ಹೊರಗೆ ಹೋಗಿ ಬಂದು, ಹಣ್ಣು ಹೆಚ್ಚಿ, ಹಿಟ್ಟು ಲಟ್ಟಿಸಿ, ಸಂಜೆ ಓವನ್ನಿನಿಂದ ತೆಗೆದ ಪೈಯನ್ನು ಆರಲು ಬಿಟ್ಟು ಅವಳ ಕೈಗಳನ್ನು ಅದರ ಮೇಲಿಟ್ಟ.

ಬೆರಳ ಕೆಳಗೆ ಮೊದಲು ಒಂದು ದಿಬ್ಬ. ಆಮೇಲೆ ಬೀಸಣಿಗೆಯಂಥದು ಎರಡು. ಕೆಳಗಿಳಿಯುವ ಡೊಂಕು, ಅದರ ಪಕ್ಕ ಚೂಪಾಗಿ ಎರಡು ಮೊನೆ. "ಆನೆ," ಎಂದಳು ಅವಳು ಉಸಿರು ಬಿಟ್ಟು. "ದೇವಸ್ಥಾನದ ಆನೆಯನ್ನು ಸ್ನಾನಕ್ಕೆ ಕರಕೊಂಡು ಹೋಗ್ತಾ ಇದ್ರು," ಎಂದ ಅವನು. "ಸರಪಳಿ ಸಿಕ್ಕಿತಾ? ಕಾಲ ಹತ್ತಿರ ನೋಡು." ಅವಳು ನೋಡಿದಳು. ಎಳ್ಳಿನ ಗಾತ್ರದ ಉಂಡೆಗಳ ಒಂದು ಸಾಲು ಬೆರಳ ತುದಿಗೆ ಸಿಕ್ಕಿತು.

ಅಂದಿನಿಂದ ಪ್ರತಿ ಶನಿವಾರ ಊರು ಹಿಟ್ಟಿನಲ್ಲಿ ಮನೆಗೆ ಬರುತ್ತಿತ್ತು. ಎರ್ನಾಕುಲಂ ಜೆಟ್ಟಿಯ ದೋಣಿ, ಕಲೂರು ಬಸ್ ನಿಲ್ದಾಣದಲ್ಲಿ ಕೊಡೆ ರಿಪೇರಿ ಮಾಡುವವನು, ಹೊಸದಾಗಿ ಎದ್ದ ಮೆಟ್ರೋ ಕಂಬ. ಸುಮಿತ್ರ ಓದಿ ಮುಗಿಸಿದ ಮೇಲೆ ಪೈಯನ್ನು ಕತ್ತರಿಸುವುದು. ಅವಳಿಗೆ ಸಿಗುತ್ತಿದ್ದದ್ದು ಒಂದು ಚಮಚ. ಉಳಿದದ್ದು ಬೀದಿಯವರಿಗೆ, ಬ್ಯಾಂಕಿನ ಹಳಬರಿಗೆ. ಪ್ರತೀಕ್ಷಾ ರಜೆಗೆ ಬಂದಾಗ ಬಾಗಿಲಿಗೆ ಒರಗಿ ನಿಂತು ಇದನ್ನು ನೋಡುತ್ತಿದ್ದಳು. ಅವಳನ್ನು ಯಾರೂ ಕರೆಯಲೂ ಇಲ್ಲ, ಅವಳು ಹತ್ತಿರ ಬರಲೂ ಇಲ್ಲ. ತಿರುವನಂತಪುರದಲ್ಲಿ ಹುಟ್ಟಿ ಬೆಳೆದ ಆ ಹುಡುಗಿ ಅವರ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು.

ಮೂರು ವರ್ಷಗಳ ಹಿಂದೆ ಒಂದು ಶನಿವಾರ ಸುಮಿತ್ರ ಪೈಯ ಮೇಲೆ ಕೈಯಿಟ್ಟರೆ ಅಲ್ಲಿ ಏನೂ ಇರಲಿಲ್ಲ. ದಪ್ಪ ಕಂಬಳಿಯ ಮೇಲಿಂದ ಮುಟ್ಟಿದ ಹಾಗಿತ್ತು. ಪಾದದ ಜೋಮು ಕೈಬೆರಳಿಗೂ ಬರಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಎದುರಿಗೆ ಮೋಹನ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಬೆಳಿಗ್ಗೆ ಜೆಟ್ಟಿಯ ಕಡೆ ಹೋಗಿಬರುತ್ತೇನೆ ಎಂದಿದ್ದ. ಅವಳು ನಿಧಾನವಾಗಿ ಬೆರಳಾಡಿಸಿ "ದೋಣಿ" ಎಂದಳು. ಅವನು ಚಾಕು ಎತ್ತಿ ಮತ್ತೆ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ಹೌದು, ದೋಣಿ."

ಮಾರನೆಯ ದಿನ ಲಿಸ್ಸಿ, ನಿನ್ನೆಯ ಪೈಯಲ್ಲಿ ಟಿಕೇಟು ಕೌಂಟರಿನ ಮೇಲೆ ಮಲಗಿದ್ದ ಬೆಕ್ಕು ಎಷ್ಟು ಚೆನ್ನಾಗಿತ್ತು, ಅದರ ಬಾಲ ನನ್ನ ಪಾಲಿಗೆ ಬಂದಿತ್ತು ಎಂದಳು. ಸುಮಿತ್ರ ಗಂಡನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವನು ಶನಿವಾರ ಹೊರಗೆ ಹೋಗುವುದನ್ನೇ ಬಿಟ್ಟುಬಿಡಬಹುದೆಂದು ಹೆದರಿದಳು. ಅವನೂ ಏನೂ ಕೇಳಲಿಲ್ಲ. ಆದರೆ ಮುಂದಿನ ವಾರದಿಂದ ಹೊರಗಿನಿಂದ ಬಂದು ಕೈ ತೊಳೆಯುತ್ತಿರುವಾಗಲೇ, ದಾರಿಯಲ್ಲಿ ಏನು ನೋಡಿದೆನೆಂದು ತನ್ನಷ್ಟಕ್ಕೆ ಎಂಬಂತೆ ದೊಡ್ಡದಾಗಿ ಹೇಳಿಕೊಳ್ಳತೊಡಗಿದ. ಆಮೇಲೆ ಅವಳು ಒಮ್ಮೆಯೂ ತಪ್ಪು ಹೇಳಲಿಲ್ಲ.

ನಿನ್ನೆ ಮಾತ್ರ ಅವನು ಎಲ್ಲಿಗೂ ಹೋಗಿರಲಿಲ್ಲ. ಕಾಲು ಸೋಲುತ್ತದೆ ಎಂದಿದ್ದ. ಏನು ನೋಡಿದೆನೆಂದು ಹೇಳಿಯೂ ಇರಲಿಲ್ಲ.

*

ಹನ್ನೊಂದೂವರೆಗೆ ಪೆಟ್ಟಿಗೆ ತೆರೆದರು. ಪ್ರತೀಕ್ಷಾ ತಾಯಿಯನ್ನು ಕೈಹಿಡಿದು ಕರೆತಂದಳು. ಸುಮಿತ್ರ ಗಂಡನ ಮುಖದ ಮೇಲೆ ಕೈಯಿಟ್ಟಳು. ಹಣೆಯೋ ಕೆನ್ನೆಯೋ, ತಣ್ಣಗಿದೆಯೋ ಇಲ್ಲವೋ, ಬೆರಳು ಒಂದನ್ನೂ ಹೇಳಲಿಲ್ಲ. ಸುತ್ತ ನಿಂತವರು ಅಳುತ್ತಿದ್ದರು. ಅವಳಿಗೆ ಅಳು ಬರಲಿಲ್ಲ. ಅವನು ಅಲ್ಲಿದ್ದಾನೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಮಗಳೇ ಕಿಚ್ಚಿಡುವುದೆಂದು ತೀರ್ಮಾನವಾಗಿತ್ತು. ಗಾಡಿ ಹೊರಟ ಮೇಲೆ ಮನೆ ಒಮ್ಮೆಲೇ ಬರಿದಾಯಿತು. ಫ್ರೀಜರ್ ಪೆಟ್ಟಿಗೆಯ ಸದ್ದೂ ಇಲ್ಲ, ಫ್ರಿಜ್ಜಿನದೂ ಇಲ್ಲ. ದೂರದಲ್ಲಿ ಮೆಟ್ರೋ ಬಂದು ನಿಂತು, ಅಲ್ಲಿಗೆ ದಾರಿ ಮುಗಿದುದರಿಂದ ಬಂದ ಕಡೆಗೇ ಹೊರಟಿತು. ಸುಮಿತ್ರ ಕಿಟಕಿಯ ಬಳಿ ಕೂತೇ ಇದ್ದಳು. ಗಾಳಿಯ ಜೊತೆ ಮೆಲ್ಲಗೆ ಒಂದು ವಾಸನೆ ಒಳಗೆ ಬಂತು. ಬೆಣ್ಣೆ, ಬೆಲ್ಲದಂತೆ ಕಪ್ಪಾಗುತ್ತಿರುವ ಸಕ್ಕರೆ, ಅನಾನಸು, ಜಾಯಿಕಾಯಿ. ಲಿಸ್ಸಿಯ ಓವನ್. ಒಳಗಿರುವ ಹಣ್ಣು ಯಾವುದೆಂದು ತಿಳಿಯಿತು. ಮೇಲಿರುವುದು ಏನೆಂದು ವಾಸನೆ ಹೇಳುವುದಿಲ್ಲ. ಆ ಪರಿಮಳದಲ್ಲಿ ಅವಳಿಗೆ ತಾನು ಪಟ್ಟಂನ ಮಹಡಿಯಲ್ಲಿರುವಂತೆ, ಕೆಳಗೆ ಇಬ್ಬರು ಮಾತನಾಡುತ್ತಿರುವಂತೆ, ಇನ್ನೇನು ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತದೆ ಎನ್ನುವಂತೆ ಆಗುತ್ತಿತ್ತು. ಓದಬೇಕಾದದ್ದು ಇನ್ನೂ ತುಂಬ ಬಾಕಿ ಇತ್ತು. ಪರೀಕ್ಷೆ ಇವತ್ತೇ ಇತ್ತು.

*

ಎರಡು ಗಂಟೆಗೆ ಎಲ್ಲರೂ ಹಿಂತಿರುಗಿದರು. ಪ್ರತೀಕ್ಷಾ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದಳು. ಲಿಸ್ಸಿ ಗಂಜಿ, ಹೆಸರುಕಾಳಿನ ಪಲ್ಯ ತಂದಿದ್ದಳು. ಇನ್ನೊಮ್ಮೆ ಹೋಗಿ ಪೈ ತಂದು ಮೇಜಿನ ಮೇಲಿಟ್ಟಳು. ಒಂದು ಅಂಚು ಸ್ವಲ್ಪ ಜಾಸ್ತಿ ಕೆಂಪಾಗಿದೆ, ಚಿತ್ರಕ್ಕೆ ಏನೂ ಆಗಿಲ್ಲ ಎಂದಳು. ವೀರಭದ್ರ ಬಗ್ಗಿ ನೋಡಿದವನು ಏನೋ ಹೇಳಹೊರಟು ನಿಲ್ಲಿಸಿದ. ಉಳಿದಿದ್ದ ನಾಲ್ಕಾರು ಜನ ಮೇಜಿನ ಸುತ್ತ ಬಂದು ನಿಂತರು. ಅವರಲ್ಲಿ ಪೈ ತಿನ್ನದವರು ಯಾರೂ ಇರಲಿಲ್ಲ.

ಪ್ರತೀಕ್ಷಾ ತಾಯಿಯ ಕೈಗಳನ್ನು ತೆಗೆದು ಪೈಯ ಮೇಲಿಟ್ಟಳು.

ಏನೋ ಕೈಯನ್ನು ತಡೆಯಿತು ಎಂಬುದಷ್ಟೇ ಸುಮಿತ್ರಳಿಗೆ ಗೊತ್ತಾಯಿತು. ಅವಳು ಅಭ್ಯಾಸದಂತೆ ಬೆರಳಾಡಿಸಿದಳು. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ನಾಯಿ ಎನ್ನಬಹುದಿತ್ತು. ರೈಲು ಎನ್ನಬಹುದಿತ್ತು. ಚಹಾ ಎನ್ನಬಹುದಿತ್ತು. ತಪ್ಪಾದರೂ ಇವರೆಲ್ಲ ಕಣ್ಣಲ್ಲಿ ನೀರು ತಂದುಕೊಂಡು ಹೌದು ಎನ್ನುತ್ತಾರೆ, ಅವಳಿಗೆ ಗೊತ್ತಿತ್ತು. ಆದರೆ ಹಾಗೆ ಹೌದು ಎನ್ನುವ ಸಲುಗೆ ಇದ್ದದ್ದು ಒಬ್ಬನಿಗೆ ಮಾತ್ರ.

ಅವಳ ಕೈ ನಿಂತಿತು.

"ನಂಗೆ ಗೊತ್ತಾಗುದಿಲ್ಲ, ಪ್ರತೀ."

ಗಂಜಿ ಬಡಿಸುತ್ತಿದ್ದ ಲಿಸ್ಸಿಯ ಸೌಟು ಪಾತ್ರೆಯ ಅಂಚಿಗೆ ತಾಗಿ ನಿಂತಿತು.

"ಮೂರು ವರ್ಷ ಆಯ್ತು. ಬೆರಳಿಗೆ ಎಂತದೂ ಗೊತ್ತಾಗುದಿಲ್ಲ. ಅವರ ಮಾತು ಕೇಳಿ ನಾನು ಸುಮ್ಮನೆ ಹೇಳ್ತಾ ಇದ್ದದ್ದು." ಮಗಳ ಕಡೆ ಮುಖ ತಿರುಗಿಸಿ ಕೇಳಿದಳು, "ನೀನು ಹೇಳು. ಎಂತ ಉಂಟು ಇದರಲ್ಲಿ?"

ಪ್ರತೀಕ್ಷಾಳ ಕೂದಲಿಂದ ನೀರು ಮೇಜಿನ ಮೇಲೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅವಳು ಮಲಯಾಳದಲ್ಲಿ ಏನೋ ಶುರುಮಾಡಿ, ಅರ್ಧಕ್ಕೇ ಬಿಟ್ಟಳು. ಮತ್ತೆ ಬಾಯಿ ತೆರೆದಾಗ ಒಂದೊಂದೇ ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು.

"ಒಂದು... ಚೂರಲ್ ಕಸೇರ."

"ಬೆತ್ತದ ಕುರ್ಚಿ."

"ಹಾಂ, ಬೆತ್ತದ ಕುರ್ಚಿ. ನೇಯ್ದದ್ದು ಕೂಡ ಕಾಣ್ತದೆ, ಸಣ್ಣ ಸಣ್ಣ ಗೆರೆ. ಅದರಲ್ಲಿ ಒಬ್ಬರು ಕೂತಿದ್ದಾರೆ. ಸೀರೆ ಉಟ್ಟಿದ್ದಾರೆ. ತಲೆ ಒಂದು ಬದಿಗೆ ಬಿದ್ದಿದೆ. ಬಾಯಿ ಸ್ವಲ್ಪ ತೆರೆದಿದೆ." ಅವಳು ಇನ್ನಷ್ಟು ಬಗ್ಗಿದಳು. "ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಕೆಳಗೆ ಬಿದ್ದಿದೆ. ಅಮ್ಮ, ಇದು ನೀನು. ನಿದ್ದೆ ಮಾಡ್ತಾ ಇದ್ದೀ."

ನಿನ್ನೆ ಬೆಳಿಗ್ಗೆ ತಿಂಡಿ ಆದ ಮೇಲೆ ಸುಮಿತ್ರಳಿಗೆ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ಜೊಂಪು ಹತ್ತಿತ್ತು. ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ಎದುರಿಗೇ ಯಾರೋ ಕುರ್ಚಿ ಹಿಂದೆ ಸರಿಸಿ ಎದ್ದು ಅಡುಗೆಮನೆಯ ಕಡೆ ಹೋದ ಹಾಗಾಗಿತ್ತು. ಕಾಲಿಗೆ ಚಪ್ಪಲಿ ಹುಡುಕುತ್ತ ಅವಳು ಅದನ್ನು ಮರೆತುಬಿಟ್ಟಿದ್ದಳು.

"ಕೂದಲು?" ಎಂದು ಕೇಳಿದಳು.

"ಒಂದೊಂದೇ ಎಳೆ ಮಾಡಿದ್ದಾರೆ. ತುಂಬ ತೆಳ್ಳಗೆ."

"ಬಾಯಿ ತೆರೆದೇ ಉಂಟಾ?"

"ಹೌದು," ಎಂದಳು ಪ್ರತೀಕ್ಷಾ, ಅಳುತ್ತಲೋ ನಗುತ್ತಲೋ. "ಗೊರಕೆ ಹೊಡೆಯುವ ಹಾಗೆ."

ಸುಮಿತ್ರ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಮೇಜಿನ ಅಂಚನ್ನು ಹಿಡಿದು, ಮೆಲ್ಲಗೆ, ದಿಂಬು ಎಲ್ಲಿದೆಯೆಂದು ಗೊತ್ತಿಲ್ಲದವರಂತೆ ಬಗ್ಗಿದಳು. ತಾಯಿ ಏನು ಮಾಡಹೊರಟಿದ್ದಾಳೆಂದು ತಿಳಿದ ಪ್ರತೀಕ್ಷಾ ತಟ್ಟೆಯನ್ನು ಸರಿಸಿ ಅವಳ ಮುಖದ ಅಡಿಗೆ ತಂದಳು. ಸುಮಿತ್ರ ಎಡಗೆನ್ನೆಯನ್ನು ಪೈಯ ಮೇಲಿಟ್ಟಳು. ಕೆನ್ನೆಗೆ ಇನ್ನೂ ಎಲ್ಲವೂ ತಿಳಿಯುತ್ತಿತ್ತು. ಮೊದಲು ಬೆಚ್ಚಗಿನ ಬಿಸಿ. ಆಮೇಲೆ ಬೆತ್ತದ ಹೆಣಿಗೆ. ಆಮೇಲೆ ಒಂದು ಭುಜ, ಅದಕ್ಕೆ ವಾಲಿದ ಸಣ್ಣದೊಂದು ತಲೆ. ಅವಳು ಕಣ್ಣು ಮುಚ್ಚಿದಳು. ಗಂಜಿ ತಣ್ಣಗಾಗುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಅವಳು ತಲೆ ಎತ್ತಿದಾಗ ಲಿಸ್ಸಿ ಒರಸಲೆಂದು ಸೆರಗು ಚಾಚಿ, ಹಾಗೆಯೇ ಹಿಂದೆ ತೆಗೆದುಕೊಂಡಳು. ಸುಮಿತ್ರಳ ಕೆನ್ನೆಯ ಮೇಲೆ ಬೆತ್ತದ ನೇಯ್ಗೆಯ ಪುಟ್ಟ ಪುಟ್ಟ ಚೌಕಗಳು ಕೆಂಪಗೆ ಮೂಡಿದ್ದವು. ಅವುಗಳ ನಡುವೆ ಹೊಂಬಣ್ಣದ ಒಂದು ಚೂರು, ಬೀಳದೆ, ಅಂಟಿಕೊಂಡಿತ್ತು.